ಐದನೆಯ ಅಪಘಾತ

“ಮೂರು ವರ್ಷದಾಗ ಐದು ದೊಡ್ಡ ಅಪಘಾತ ಆಗಿರಬೇಕ್ರಿ, ಅಕ್ಕಾರ. ಅಂದ್ರನ ಸ್ಪೀಡ್ ಬ್ರೇಕರ್ ಸಿಗತದ. ನಿಮ್ಮ ತಿರುವಿನಾಗ ನಾಲ್ಕ ಅದಾವ,” ಎಂದು ಎಂಜಿನಿಯರ್ ಕೃಷ್ಣಾಜಿ ಪಟ್ಟಿಯನ್ನು ಶೈಲಶ್ರೀಯತ್ತ ತಿರುಗಿಸಿದರು.

ಅವಳು ಬೆರಳಿಟ್ಟು ದಿನಾಂಕಗಳನ್ನು ಓದಿದಳು. ಮನೆ ಹತ್ತಿರದ ಖರಾಡಿಯ ಆ ತಿರುವನ್ನು ಮಗಳು ದಿನವೂ ಸೈಕಲ್ಲಿನಲ್ಲಿ ದಾಟುತ್ತಾಳೆ. ಹೋದ ವರ್ಷ ಅಲ್ಲೇ ಟೆಂಪೊ ಗುದ್ದಿ ಗಂಡನ ಕಾಲು ಹೋದ ದಿನ ಮಾತ್ರ ಪಟ್ಟಿಯಲ್ಲಿರಲಿಲ್ಲ.

“ಪೊಲೀಸರು ಬರಕೊಂಡಿದ್ದಷ್ಟ ನಮಗ ಬರತದ್ರಿ,” ಎಂದರು ಕೃಷ್ಣಾಜಿ.

ಕೋರ್ಟಿನ ಅಲೆದಾಟ ಬೇಡವೆಂದು, ಅಂದು ಆಸ್ಪತ್ರೆಗೆ ಬಂದ ಹವಾಲ್ದಾರನಿಗೆ ಗಂಡನ ಬೈಕು ತಾನೇ ಜಾರಿ ಬಿತ್ತು, ದೂರೇನೂ ಇಲ್ಲ ಎಂದು ಬರೆದುಕೊಟ್ಟವಳು ಅವಳೇ.

ಪಟ್ಟಿಯ ಕೊನೆಯ ಖಾಲಿ ಗೆರೆಯ ಮೇಲೆ ಅವಳು ಬೆರಳಿಟ್ಟಳು. “ನಾನ ಸುಳ್ಳ ಬರಕೊಟ್ಟೀನ್ರಿ, ಸಾಹೇಬ್ರ. ಬೇಕಾದ್ರ ನನ್ನ ಮ್ಯಾಲ ಕೇಸ್ ಹಾಕ್ರಿ. ನಮ್ಮವರ ಕಾಲು ಲೆಕ್ಕಕ್ಕ ಹಿಡೀರಿ.”