ಕತ್ತಿನ ಮೇಲಿನ ಪೌಡರ್

ಮೊನ್ನೆ ಪಾರ್ಲರಿನಲ್ಲಿ ಕತ್ತಿಗೆ ಪೌಡರ್ ಹಾಕಿದಾಗ, ಅದರ ವಾಸನೆಗೆ ಆರ್.ಟಿ. ನಗರದಲ್ಲಿ ಪಾರ್ಲರ್ ನಡೆಸುತ್ತಿದ್ದ ಚೈನಾ ಆಂಟಿ ನೆನಪಾದರು. ಅವರ ಹಿರಿಯರು ಚೀನಾದವರು; ಅವರು ಹುಟ್ಟಿದ್ದು ಶಿವಾಜಿನಗರದಲ್ಲೇ ಆದರೂ ನಮಗೆಲ್ಲ ಚೈನಾ ಆಂಟಿಯೇ. ಗೌರಿಹಬ್ಬಕ್ಕೆ ಅಮ್ಮ ತಪ್ಪದೆ ಅವರನ್ನು ಕರೆದು ಅರಿಶಿನ ಕುಂಕುಮ ಕೊಡುತ್ತಿದ್ದಳು.

ಚಿಕ್ಕಂದಿನಲ್ಲಿ ಒಂದು ಮಧ್ಯಾಹ್ನ ಅವರ ಪಾರ್ಲರಿನಲ್ಲಿ ನನ್ನ ಕೂದಲು ಒಂದು ಕಡೆಯಷ್ಟೇ ಕತ್ತರಿಸಿ ಆಗಿತ್ತು. ನನ್ನನ್ನು ಕರೆದುಕೊಂಡು ಹೋಗಲು ಅಪ್ಪ ಬಂದರು. ಆಂಟಿ ಕತ್ತರಿ ಕೆಳಗಿಟ್ಟು, ಡ್ರಾಯರಿನಿಂದ ಒಂದು ಫಾರಂ ತೆಗೆದರು.

"ಅಣ್ಣಾ, ಕಲ್ಕತ್ತಾದಲ್ಲಿ ನಮ್ಮಮ್ಮಂಗೆ ತುಂಬಾ ಸೀರಿಯಸ್ಸು. ಚೈನಾ ಯುದ್ಧ ಆದಾಗ್ಲಿಂದ ನಮ್ಮಂಥವ್ರು ಊರು ಬಿಡ್ಬೇಕಾದ್ರೆ ಪೊಲೀಸ್ ಪರ್ಮಿಷನ್ ಬೇಕಲ್ಲ. ಪರಿಚಯ ಇರೋ ಗೌರ್ಮೆಂಟ್‌ನೋರು ಯಾರಾದ್ರೂ ಸೈನ್ ಹಾಕಿದ್ರೆ ಇವತ್ತೇ ಕೊಡ್ತಾರಂತೆ."

ಅಪ್ಪ ಫಾರಮ್ಮನ್ನು ಎರಡೂ ಕಡೆ ಓದಿದರು. ಜೇಬಿನ ಪೆನ್ನು ಮುಟ್ಟಿ ನೋಡಿಕೊಂಡರು.

"ನೀವು ಗೊತ್ತಿಲ್ಲ ಅಂತಲ್ಲಮ್ಮ. ನಂದು ಸರ್ಕಾರಿ ನೌಕರಿ. ಚೈನಾದವ್ರಿಗೆ ಯಾಕ್ರೀ ಸೈನ್ ಹಾಕಿದ್ರಿ ಅಂತ ನಾಳೆ ಯಾರಾದ್ರೂ ಕೇಳಿದ್ರೆ..."

"ಇರ್ಲಿ ಬಿಡಿ ಅಣ್ಣ," ಅಂದರು ಆಂಟಿ. ಫಾರಂ ಮಡಿಸಿಟ್ಟು, ನನ್ನ ತಲೆ ನೆಟ್ಟಗೆ ಮಾಡಿ, ಇನ್ನೊಂದು ಕಡೆ ಕತ್ತರಿಸತೊಡಗಿದರು. ಅಪ್ಪ ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಂತಿದ್ದು ಕನ್ನಡಿಯಲ್ಲಿ ಕಾಣುತ್ತಿತ್ತು. ಕೊನೆಗೆ ಆಂಟಿ ಎಂದಿನಂತೆ ನನ್ನ ಕತ್ತಿಗೆ ಪೌಡರ್ ಹಾಕಿ ಒರೆಸಿದರು.

ಮನೆಯಲ್ಲಿ ಅಮ್ಮ ನನ್ನನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಏನ್ರೀ ಇದು, ಒಂದು ಕಡೆ ಗಿಡ್ಡ ಮಾಡ್ಬಿಟ್ಟಿದಾರೆ! ಯಾವತ್ತೂ ಹಿಂಗೆ ಮಾಡಿದೋರಲ್ಲ. ವಾಪಸ್ ಹೋಗಿ ಸರಿ ಮಾಡಿಸ್ಕೊಂಡು ಬನ್ನಿ."

ಅಪ್ಪ ಚಪ್ಪಲಿ ಬಿಡುತ್ತಾ, "ಬೆಳೆಯತ್ತೆ ಬಿಡೆ," ಅಂದರು.