ಬೆಟ್ಟದ ತುಂಬ ಹಿಮ

ಮುದುಕನ ಕಣ್ಣು ಪೂರ್ತಿ ಹೋಗಿ ವರ್ಷವಾಗಿತ್ತು. ಆದರೂ ಮರದ ಹಲಗೆಯಲ್ಲಿ ಫ್ಯೂಜಿ ಬೆಟ್ಟವನ್ನು ಕೊರೆದು ಅಚ್ಚೊತ್ತುವುದನ್ನು ಅವನು ಬಿಟ್ಟಿರಲಿಲ್ಲ. ಆ ಬೆಟ್ಟಕ್ಕೆ ಸಾವಿಲ್ಲ, ಅದನ್ನು ಕೊರೆಯುವ ಕೈಗೂ ಇಲ್ಲ ಎನ್ನುತ್ತಿದ್ದ. ಗೆರೆಗಳು ಎಲ್ಲೆಲ್ಲೋ ಹರಿದು, ಬೆಟ್ಟ ಕುಸಿದ ಹುಲ್ಲುಮೆದೆಯಂತೆ ಕಂಡರೂ ಮಗಳು ಹೊಗಳುತ್ತಲೇ ಬಂದಿದ್ದಳು.

ಅಂದು ಹೊಸ ಹಾಳೆಯೊಂದನ್ನು ಅವಳತ್ತ ಚಾಚಿದ. "ಹೇಗೆ ಬಂದಿದೆ ನೋಡಮ್ಮ."

ಹಾಳೆ ಬರೀ ಬಿಳಿ. ಅಚ್ಚಿನ ಚಿತ್ರದಲ್ಲಿ ಮಸಿ ತಾಗದ ಬಿಳಿಯೇ ಹಿಮ. ಅದನ್ನೇ ನೆಪವಾಗಿ ಹಿಡಿದಳು.

"ತುಂಬಾ ಚೆನ್ನಾಗಿದೆ ಅಪ್ಪ. ಬೆಟ್ಟದ ತುಂಬ ಹಿಮ."

"ಎಂದಿನ ಹಾಗೇ ಇದೆಯಾ?"

"ಹೂಂ, ಎಂದಿನ ಹಾಗೇ."

ಮುದುಕ ತಡಕಾಡಿ ಉಳಿಯನ್ನು ಅವಳ ಕೈಗಿಟ್ಟ.

"ಇವತ್ತು ನಾನು ಮಸೀನೇ ಹಚ್ಚಿರಲಿಲ್ಲ ಕಣಮ್ಮ."