ಇಟಲಿ ಕಡೆ ಬದಲಿಸಿದ ದಿನ

ಎರಡನೇ ಮಹಾಯುದ್ಧದಲ್ಲಿ ಸೋತ ಇಟಲಿ ಜರ್ಮನಿಯ ಕೈಬಿಟ್ಟು ಇಂಗ್ಲಿಷರ ಕಡೆ ಸೇರಿದ ಸುದ್ದಿ ಬಂದದ್ದೇ ತಡ, ಬೆಂಗಳೂರಿನ ಸೆರೆಶಿಬಿರದಲ್ಲಿದ್ದ ಇಟಲಿಯ ಕೈದಿಗಳು ತಟ್ಟೆ ಬಡಿದು ಕುಣಿದರು. ಕಾವಲಿನ ಸಿಪಾಯಿ ಚೆಲುವಯ್ಯನಿಗೂ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ತನ್ನಿಂದಲೇ ಕನ್ನಡ ಕಲಿತಿದ್ದ ಕೈದಿ ಬ್ರೂನೋನ ಕೈಗೆ ಬಂದೂಕು ಕೊಟ್ಟು, ರುಮಾಲು ಬೀಸುತ್ತಾ ತಾನೂ ಕುಣಿದ. ಬ್ರೂನೋ ಆ ಬಂದೂಕನ್ನು ಮಗುವಿನ ಹಾಗೆ ಎತ್ತಿಕೊಂಡು ಗಿರಗಿರನೆ ತಿರುಗಿದ.

“ಇನ್ಮೇಲೆ ನಾವಿಬ್ಬರೂ ಒಂದೇ ಕಡೆ ಅಲ್ವಾ ಅಣ್ಣ?” ಏದುಸಿರಲ್ಲೇ ಕೇಳಿದ.

“ಒಂದೇ ಕಡೆ ಕಣಯ್ಯಾ. ನೆಂಟರಾಗೋದ್ವಿ.”

“ಹಂಗಾದ್ರೆ ಗೇಟು ತೆಗಿ. ಊರಿಗೆ ಹೋಗ್ತೀನಿ.”

ಚೆಲುವಯ್ಯ ಬಂದೂಕನ್ನು ಮೆಲ್ಲಗೆ ಇಸಿದುಕೊಂಡು ಹೆಗಲಿಗೇರಿಸಿದ.

“ನಿಧಾನ ಕಣೋ. ನಾವು ಮುತ್ತಾತನ ಕಾಲದಿಂದ ಇಂಗ್ಲಿಷರ ಕಡೇನೇ ಇದ್ದೀವಿ. ನಮ್ಮನ್ನೇ ಇನ್ನೂ ಬಿಟ್ಟಿಲ್ಲ.”